ಅರವತ್ತೆರಡು ಮಕ್ಕಳ ಕಸ ನೋಡಿದವಳು

ಬೆಳಗಿನ ಐದೂವರೆ. ಅಡಿಲೇಡ್ ನಗರದಂಚಿನ ಮಾರ್ಫೆಟ್ ವೇಲ್‌ನ ಈ ಅಡ್ಡರಸ್ತೆಯಲ್ಲಿ ಇನ್ನೂ ಯಾರ ಮನೆಯ ದೀಪವೂ ಹತ್ತಿಲ್ಲ. ಕಾರು ನಿಲ್ಲಿಸುವ ಚಪ್ಪರದ ಕೆಳಗೆ ಅರವತ್ತೊಂಬತ್ತರ ಹೆಂಗಸೊಬ್ಬಳು ಹಳೆಯ ಪೇಪರ್ ಹಾಸಿ ಮಂಡಿಯೂರಿ ಕೂತಿದ್ದಾಳೆ. ಕೈಗೆ ಹಳದಿ ರಬ್ಬರ್ ಗವಸು. ತಲೆಯ ಮೇಲೆ ನಾಲ್ಕು ಲೀಟರಿನ ಐಸ್‌ಕ್ರೀಮ್ ಡಬ್ಬಿ ಬೋರಲು, ಅದರ ಹಿಂಭಾಗದಲ್ಲಿ ಕಪ್ಪು ಪೆನ್ನಿನಿಂದ ಬರೆದ ಎರಡು ದೊಡ್ಡ ಕಣ್ಣು. ಸೆಪ್ಟೆಂಬರ್ ಬಂತಲ್ಲ, ಮ್ಯಾಗ್‌ಪೈ ಹಕ್ಕಿಗಳು ಮರಿ ಮಾಡಿವೆ. ಬೆಳಕು ಹರಿದರೆ ಸಾಕು, ಹಿಂದಿನಿಂದ ಹಾರಿಬಂದು ಬುರುಡೆಗೆ ಕುಕ್ಕುತ್ತವೆ. ಎದುರಿಗೆ ಕಣ್ಣು ಕಂಡರೆ ಮಾತ್ರ ಸುಮ್ಮನಿರುತ್ತವಂತೆ.

ಆಕೆ ಒಂದು ಪುಟ್ಟ ಕಸದ ಬುಟ್ಟಿಯನ್ನು ಪೇಪರಿನ ಮೇಲೆ ಬೋರಲು ಹಾಕುತ್ತಾಳೆ. ಏನೂ ಬೀಳುವುದಿಲ್ಲ. ಬುಟ್ಟಿಯ ತಳವನ್ನು ಎರಡು ಸಲ ತಟ್ಟುತ್ತಾಳೆ. ಒಂದು ಕೂದಲೂ ಇಲ್ಲ.

“ಎರಡು ವಾರ ಆಯ್ತು, ಹೀಗೇ,” ಎನ್ನುತ್ತಾಳೆ ನನ್ನ ಕಡೆ ತಿರುಗದೆ. “ಹದಿನೇಳು ವರ್ಷದ ಹುಡುಗಿ ಕಣೇ. ಒಂದು ಚಾಕೊಲೇಟ್ ಕಾಗದ ಬೇಡ್ವಾ? ಮೂಗೊರೆಸಿದ ಟಿಶ್ಯೂ ಬೇಡ್ವಾ? ಕಸಾನೆಲ್ಲ ಬ್ಯಾಗಲ್ಲಿ ತುಂಬ್ಕೊಂಡು ಸ್ಕೂಲಿಗೆ ತಗೊಂಡೋಗಿ ಹಾಕ್ತಾಳೆ. ನನಗೆ ಗೊತ್ತಾಗಬಾರದು ಅಂತ.”

ಆಕೆಯ ಹೆಸರು ಮೆರ್ಲ್ ಪೆಂಗೆಲಿ. ಹೊರದೇಶಗಳಿಂದ ಅಡಿಲೇಡ್‌ಗೆ ಓದಲು ಬರುವ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಊಟ ಹಾಕುವುದು ಇಪ್ಪತ್ತಮೂರು ವರ್ಷಗಳಿಂದ ಆಕೆಯ ಕೆಲಸ. ಇಲ್ಲಿ ಅದನ್ನು ಹೋಮ್‌ಸ್ಟೇ ಎನ್ನುತ್ತಾರೆ. ಮಂಗಳವಾರ ಈ ಬೀದಿಯಲ್ಲಿ ಕಸದ ಲಾರಿ ಬರುವ ದಿನ. ಆರೂಕಾಲಿಗೆ ಲಾರಿ ಬರುವ ಮೊದಲು ಮಕ್ಕಳ ಕೋಣೆಯ ಬುಟ್ಟಿಯನ್ನು ಸುರಿದು ಒಂದೊಂದಾಗಿ ನೋಡದೆ ಆಕೆ ದೊಡ್ಡ ಡಬ್ಬಕ್ಕೆ ಹಾಕಿದ್ದೇ ಇಲ್ಲ. ಮೊದಲ ದಿನ ನಾನು ಅಮ್ಮ ತಾಯಿ ಎಂದು ಮರ್ಯಾದೆ ಕೊಡಲು ಹೋದಾಗ ‘ಹೆಸರು ಹಿಡಿದು ಕರಿ, ನಾನೇನು ಮಹಾರಾಣಿಯಲ್ಲ’ ಎಂದು ಗದರಿದ್ದರಿಂದ ಈ ಬರಹವೂ ಏಕವಚನದಲ್ಲೇ ನಡೆಯುತ್ತಿದೆ.

ಒಬ್ಬರ ಕಸವನ್ನು ಇನ್ನೊಬ್ಬರು ಕೆದಕಿದರೆ ನಮ್ಮಲ್ಲಿ ಏನನ್ನುತ್ತಾರೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಇಲ್ಲಿಯೂ ಅದನ್ನೇ ಅನ್ನುತ್ತಾರೆ. ಎದುರು ಮನೆಯ ಜೆಫ್ರಿಯನ್ನು ಕೇಳಿದರೆ, ಆಕೆ ಖಾಲಿ ಬಾಟಲಿ ಆರಿಸುವುದು, ಒಂದೊಂದಕ್ಕೆ ಹತ್ತು ಸೆಂಟ್ ವಾಪಸು ಬರುತ್ತದಲ್ಲ, ಅದಕ್ಕೆ ಎಂದು ಕಣ್ಣು ಹೊಡೆಯುತ್ತಾನೆ. ಪಕ್ಕದ ಮನೆಯಾಕೆಗೆ ಅಷ್ಟೂ ಉದಾರತೆ ಇಲ್ಲ. ಮೆರ್ಲ್‌ಗೆ ಪರರ ಗುಟ್ಟಿನ ಚಪಲ, ಗಂಡನ ಮೇಲೂ ನಂಬಿಕೆಯಿಲ್ಲ ಎನ್ನುತ್ತಾಳೆ.

ನನಗೂ ಈಕೆಯ ಮೇಲೆ ನಂಬಿಕೆ ಇರಲಿಲ್ಲ. ಮುಚ್ಚುಮರೆ ಯಾಕೆ? ಇಪ್ಪತ್ತೊಂದು ವರ್ಷದ ಹಿಂದೆ ಓದಲೆಂದು ಈ ಊರಿಗೆ ಬಂದಾಗ ನಾನೂ ಇಂಥದ್ದೇ ಒಂದು ಮನೆಯಲ್ಲಿದ್ದವಳು. ಅಲ್ಲಿ ಫ್ರಿಜ್ಜಿಗೆ ಬೀಗವಿತ್ತು. ಹಾಲಿನ ಕ್ಯಾನಿನ ಮೇಲೆ ಎಷ್ಟಿದೆಯೆಂದು ಗೆರೆ ಎಳೆದಿರುತ್ತಿದ್ದರು. ಆ ಮನೆಯೊಡತಿಯನ್ನೂ ಶಾಲೆಯವರು ‘ತಾಯಿಯಂಥವರು’ ಎಂದೇ ಹೊಗಳುತ್ತಿದ್ದರು. ಹಾಗಾಗಿ ಮೆರ್ಲ್ ಎಂಬಾಕೆ ಅರವತ್ತೆರಡು ಮಕ್ಕಳನ್ನು ಸಾಕಿದ್ದಾಳೆ, ಒಂದೇ ಒಂದು ದೂರು ಬಂದಿಲ್ಲ ಎಂದು ಯಾರೋ ಹೇಳಿದಾಗ ನನ್ನ ಮೂಗು ಅರಳಿತು. ಒಂದೂ ದೂರಿಲ್ಲ ಎಂದರೆ ಒಂದೋ ಆಕೆ ದೇವತೆ, ಇಲ್ಲವೇ ಮಕ್ಕಳ ಬಾಯಿ ಮುಚ್ಚಿಸುವುದರಲ್ಲಿ ಗಟ್ಟಿಗಿತ್ತಿ. ದೇವತೆಗಳನ್ನು ನಾನಿನ್ನೂ ಕಂಡಿಲ್ಲ.

ನಾನು ಫೋನ್ ಮಾಡುವ ಹೊತ್ತಿಗೆ ಆ ಮೊದಲ ದೂರು ಬಂದಾಗಿತ್ತು. ಆಕೆಯೇ ಹೇಳಿದಳು. ಗುರುವಾರ ಸಂಜೆ ಹೋಮ್‌ಸ್ಟೇ ಆಫೀಸಿನವರು ವಿಚಾರಣೆಗೆ ಬರುತ್ತಾರೆ. ದೂರು ನಿಜವೆಂದಾದರೆ ಶನಿವಾರ ಹುಡುಗಿಯನ್ನು ಬೇರೆ ಮನೆಗೆ ಸಾಗಿಸುತ್ತಾರೆ. ಆ ಮನೆಯಿಂದ ಶಾಲೆಗೆ ಎರಡು ಬಸ್ಸು, ಒಂದೂವರೆ ಗಂಟೆ. ಹನ್ನೆರಡನೇ ತರಗತಿಯ ಪರೀಕ್ಷೆಗೆ ಇರುವುದು ಆರೇ ವಾರ. ‘ಬರೋದಾದ್ರೆ ಮಂಗಳವಾರ ಬೆಳಗಿನ ಜಾವ ಬಾ, ನಾನು ಏನು ಮಾಡ್ತೀನಿ ಅಂತ ಕಣ್ಣಾರೆ ನೋಡಿ ಬರಿ, ಆಮೇಲೆ ನನ್ನ ಬೆನ್ನ ಹಿಂದೆ ಕಥೆ ಕಟ್ಟಬೇಡ’ ಎಂದಳು. ಪತ್ರಿಕೆಯವರ ಮೇಲೆ ಆಕೆಗೂ ಅಷ್ಟೇ ನಂಬಿಕೆ.

ಮೆರ್ಲ್ ಮೊದಲು ಶಾಲೆಯೊಂದರ ಕ್ಯಾಂಟೀನಿನಲ್ಲಿದ್ದಳು. ಗಂಡ ಕ್ಲೆಮ್ ಕಾರು ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುತ್ತಿದ್ದವನು. ಮಗಳು ಮದುವೆಯಾಗಿ ಮೂರು ಬೀದಿಯಾಚೆ ಹೋದ ವರ್ಷ, ಆರು ವಾರಕ್ಕೆ ಒಂದು ಮಗುವಿಗೆ ಹಾಸಿಗೆ ಕೊಡುವಿರಾ ಎಂದು ಶಾಲೆಯಿಂದ ಚೀಟಿ ಬಂತು. ಆ ಆರು ವಾರ ಇನ್ನೂ ಮುಗಿದಿಲ್ಲ. ಹದಿನೇಳು ದೇಶದ ಮಕ್ಕಳು ಆ ಕೊನೆಯ ಕೋಣೆಯಲ್ಲಿ ಮಲಗಿ ಎದ್ದು ಹೋಗಿದ್ದಾರೆ. ನಿತ್ಯ ನಾಲ್ಕು ಐವತ್ತಕ್ಕೆ ಏಳುತ್ತಾಳೆ. ಐದು ಮುಕ್ಕಾಲಿಗೆ ಊಟದ ಡಬ್ಬಿ, ಆರೂವರೆಗೆ ತಿಂಡಿ, ಏಳು ಹನ್ನೆರಡರ ಬಸ್ಸಿಗೆ ಮಗುವನ್ನು ಹತ್ತಿಸಿ ಅದು ತಿರುವು ದಾಟುವವರೆಗೆ ನಿಂತಿರುತ್ತಾಳೆ. ವಾರಕ್ಕೆ ನಾಲ್ಕು ಸಲ ಬಟ್ಟೆಯ ಮೆಷಿನ್. ಆಫೀಸಿನವರು ಕೊಡುವ ದುಡ್ಡು ಕಡಿಮೆಯೇನಲ್ಲ, ಅದನ್ನೂ ಆಕೆ ಮುಚ್ಚಿಡುವುದಿಲ್ಲ. ಪುಣ್ಯಕ್ಕೆ ಮಾಡ್ತೀನಿ ಅಂತ ಬರೀಬೇಡ ಎಂದು ಎಚ್ಚರಿಸುತ್ತಾಳೆ.

ಕಸ ನೋಡುವ ಚಾಳಿ ಶುರುವಾದದ್ದು ಎರಡನೇ ವರ್ಷ, ಕೊರಿಯಾದಿಂದ ಬಂದ ಸೊಹ್ಯುನ್ ಎಂಬ ಹುಡುಗಿಯ ನಂತರ. ಅವಳನ್ನು ಊಟ ಹೇಗಿದೆ ಎಂದು ಕೇಳಿದಾಗಲೆಲ್ಲ ‘ಚೆನ್ನಾಗಿದೆ, ಥ್ಯಾಂಕ್ಯೂ, ಹೊಟ್ಟೆ ತುಂಬಿತು’. ಏಳು ತಿಂಗಳು ಇದೇ ಮಾತು. ಊರಿಗೆ ಹೋದ ವಾರದಲ್ಲಿ ಅವಳ ತಾಯಿ ಫೋನ್ ಮಾಡಿ, ಭಾಷೆ ಬಾರದೆ ಬರೀ ಅತ್ತಳು. ಹುಡುಗಿ ಒಂಬತ್ತು ಕಿಲೋ ಇಳಿದಿದ್ದಳು. ಮೆರ್ಲ್ ಕೋಣೆ ಗುಡಿಸಲು ಬೀರು ಸರಿಸಿದಾಗ ಗೋಡೆಯ ಸಂದಿಯಲ್ಲಿ ಸಾಲಾಗಿ ಸ್ಯಾಂಡ್‌ವಿಚ್‌ಗಳು, ಒಂದೊಂದಕ್ಕೂ ಅಂದವಾಗಿ ಟಿಶ್ಯೂ ಸುತ್ತಿ ಇಟ್ಟಿದ್ದಳು. ನಲವತ್ತೊಂದು ಇದ್ದವು.

“ಬಾಯಿ ಸುಳ್ಳು ಹೇಳುತ್ತೆ. ಸುಳ್ಳು ಅಂದ್ರೆ ಕೆಟ್ಟ ಸುಳ್ಳಲ್ಲ, ಮರ್ಯಾದೆ ಸುಳ್ಳು,” ಎನ್ನುತ್ತಾಳೆ ಮೆರ್ಲ್. “ಬೇರೆಯವರ ಮನೇಲಿದ್ದೀವಿ, ಬೇಜಾರು ಮಾಡಬಾರದು ಅಂತ ಮನೇಲಿ ಕಲಿಸಿ ಕಳಿಸಿರ್ತಾರೆ. ಕಸಕ್ಕೆ ಆ ಮರ್ಯಾದೆ ಇಲ್ಲ. ಅದಕ್ಕೇ ನಾನು ಕೇಳೋದನ್ನೇ ಬಿಟ್ಟೆ.”

ದಾಕ್ಷಿಣ್ಯ ಎಂಬ ಪದ ಆಕೆಯ ಭಾಷೆಯಲ್ಲಿಲ್ಲ, ಆದರೆ ಅದರಿಂದ ಹೊಟ್ಟೆ ಎಷ್ಟು ಖಾಲಿ ಬೀಳುತ್ತದೆಂದು ಆಕೆಗೆ ಗೊತ್ತು. ಬ್ರೆಜಿಲ್ ಹುಡುಗನಿಗೆ ಬೀಟ್‌ರೂಟ್ ಸೇರುವುದಿಲ್ಲವೆಂದು ತಿಳಿದದ್ದು ಕಸದಿಂದ. ಚೀನಾದ ಹುಡುಗನೊಬ್ಬನ ಬುಟ್ಟಿಯಲ್ಲಿ ನೋವಿನ ಮಾತ್ರೆಯ ಖಾಲಿ ಹಾಳೆಗಳು ಹೆಚ್ಚಾದಾಗ ಏನೂ ಕೇಳದೆ ಕಾರಿನಲ್ಲಿ ಕೂರಿಸಿ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಳು. ದವಡೆಯಲ್ಲಿ ಕೀವು ತುಂಬಿತ್ತು. ಕಾಗದಪತ್ರ ಸಿಕ್ಕರೆ ಓದುವುದಿಲ್ಲ, ಡ್ರಾಯರ್ ತೆರೆಯುವುದಿಲ್ಲ, ಎಸೆದದ್ದನ್ನು ಮಾತ್ರ ನೋಡುತ್ತೇನೆ ಎನ್ನುತ್ತಾಳೆ. ಎಸೆದ ಕಾಗದವನ್ನೂ ಓದುವುದಿಲ್ಲವೇ ಎಂದು ಕೇಳಿದೆ. ಇಲ್ಲ ಎಂದಳು. ನಾನು ನಂಬಲಿಲ್ಲ, ಈಗಲೂ ಪೂರ್ತಿ ನಂಬಿಲ್ಲ.

ಇನ್ನು ದೂರಿನ ವಿಷಯ. ಹುಡುಗಿಯನ್ನು ಇಲ್ಲಿ ಪೈಲಿನ್ ಎಂದು ಕರೆಯುತ್ತೇನೆ. ಥಾಯ್ಲೆಂಡಿನವಳು. ನಿಜವಾದ ಹೆಸರು ಬೇರೆ, ಊರನ್ನು ಹೇಳುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಅವಳು ಒಪ್ಪಿದ್ದರಿಂದ ಇದು ಅಚ್ಚಾಗುತ್ತಿದೆ. ಒಪ್ಪಿದ್ದಾಳೆಂಬ ನನ್ನ ಮಾತನ್ನು ಮೆರ್ಲ್ ನಂಬದೆ ಅವಳನ್ನೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಾಳೆ.

ಪೈಲಿನ್ ಈ ಮನೆಗೆ ಬಂದು ಒಂದೂವರೆ ವರ್ಷ. ಭಾನುವಾರದ ಕುರಿಮಾಂಸ ಅವಳಿಗೆ ವಾಸನೆ, ಅದು ಟಿಶ್ಯೂವಿನಲ್ಲಿ ಸುತ್ತಿಕೊಂಡು ಬುಟ್ಟಿ ಸೇರುತ್ತಿತ್ತು. ತಿಳಿದ ಮೇಲೆ ಮೆರ್ಲ್ ಅವಳ ತಟ್ಟೆಗೆ ಕೋಳಿ ಹಾಕತೊಡಗಿದಳು. ಯಾಕೆಂದು ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ. ಹೀಗೆ ಇಬ್ಬರೂ ಸುಖವಾಗಿದ್ದರು. ಆಗಸ್ಟ್ ಕೊನೆಯಲ್ಲಿ ಬುಟ್ಟಿಯಲ್ಲಿ ಸುಟ್ಟ ಬೆಂಕಿಕಡ್ಡಿ ಬಂತು. ಜೊತೆಗೆ ಬೂದಿ. ಮರುವಾರ ಮತ್ತೆ. ಕಿಟಕಿಯ ಪರದೆಯಲ್ಲಿ ಹೊಗೆಯ ವಾಸನೆ. ಹುಡುಗಿ ಊಟ ಕಡಿಮೆ ಮಾಡಿದ್ದಳು, ಸಮವಸ್ತ್ರದ ಬೆಲ್ಟು ಒಂದು ತೂತು ಒಳಗೆ ಹೋಗಿತ್ತು, ಕಣ್ಣು ಕೆಂಪು. ಮೆರ್ಲ್ ಒಂದಕ್ಕೊಂದು ಸೇರಿಸಿ ಲೆಕ್ಕ ಹಾಕಿದಳು, ಹುಡುಗಿ ಏನೋ ಸೇದುತ್ತಿದ್ದಾಳೆ ಎಂದುಕೊಂಡಳು. ಹದಿನೆಂಟು ತುಂಬದ ಮಗುವಿನ ಮೇಲೆ ಅಂಥ ಅನುಮಾನ ಬಂದರೆ ಆಫೀಸಿಗೆ ತಿಳಿಸಲೇಬೇಕೆಂಬ ನಿಯಮವಿದೆ. ತಿಳಿಸಿದಳು.

ಆಫೀಸಿನವರು ಪೈಲಿನ್‌ಳನ್ನು ತರಗತಿಯಿಂದ ಎಬ್ಬಿಸಿ ಕರೆದು, ಮೇಜಿನ ಮೇಲೆ ಬ್ಯಾಗು ಸುರಿಸಿದರು. ಏನೂ ಸಿಗಲಿಲ್ಲ. ಬೂದಿಯ ಸುದ್ದಿ ಇವರಿಗೆ ಹೇಗೆ ಗೊತ್ತಾಯಿತೆಂದು ಅವಳು ಯೋಚಿಸಿದಳು. ಒಂದೂವರೆ ವರ್ಷದ ಕೋಳಿಮಾಂಸದ ರಹಸ್ಯವೂ ಅವತ್ತೇ ಬಿಚ್ಚಿಕೊಂಡಿರಬೇಕು. ಅಲ್ಲೇ ಕೂತು ದೂರು ಬರೆದುಕೊಟ್ಟಳು: ಈ ಮನೆಯಲ್ಲಿ ನನ್ನ ಕಸವನ್ನೂ ಕಾಯುತ್ತಾರೆ, ನನಗೆ ಇಲ್ಲಿ ಇರಲು ಭಯ.

“ದೂರು ಬಂದ ಮೇಲೂ ಬುಟ್ಟಿ ಸುರೀತಿದ್ದೀಯಲ್ಲ, ನಾಚಿಕೆ ಆಗಲ್ವಾ?” ಎಂದು ನಾನು ಕೇಳಿಯೇ ಬಿಟ್ಟೆ.

“ಆಗುತ್ತೆ. ಆದ್ರೆ ಅವಳು ತಿಂತಿದ್ದಾಳೋ ಇಲ್ವೋ ಅಂತ ಇನ್ನು ಹೇಗೆ ತಿಳ್ಕೊಳ್ಳಲಿ?”

ಆಮೇಲೆ ಎದ್ದು ಶೆಡ್ಡಿನಿಂದ ಒಂದು ಜಾಮ್ ಬಾಟಲಿ ತಂದಳು. ಸಾಕ್ಷಿಯಂತೆ. ಆಫೀಸಿನವರಿಗೆ ತೋರಿಸಲು ಎತ್ತಿಟ್ಟಿದ್ದಳಂತೆ. ಮುಚ್ಚಳ ತೆಗೆದು ಪೇಪರಿನ ಮೇಲೆ ಸುರಿದಳು. ಬೂದಿ, ಬೆಂಕಿಕಡ್ಡಿ, ಬೆರಳುದ್ದದ ಹದಿನಾಲ್ಕು ಬಿದಿರಿನ ಕಡ್ಡಿ, ಒಂದೊಂದರ ತುದಿಗೂ ಕೆಂಪು ಬಣ್ಣ. ಇದರಲ್ಲಿ ಅದೇನು ತುಂಬಿ ಸೇದುತ್ತಾರೋ ಎಂದು ಕ್ಲೆಮ್ ಕಂಪ್ಯೂಟರಿನಲ್ಲಿ ಎರಡು ದಿನ ಹುಡುಕಿದನಂತೆ.

ನನಗೆ ನಗು ಬಂತು. ನೀವಾದರೂ ಒಂದೇ ನೋಟಕ್ಕೆ ಹೇಳುತ್ತಿದ್ದಿರಿ. ಹುಟ್ಟಿದಂದಿನಿಂದ ದೇವರ ಮುಂದೆ ನೋಡಿದ ಕಡ್ಡಿ ಅದು. ಊದುಬತ್ತಿ ಉರಿದು ಮುಗಿದ ಮೇಲೆ ಉಳಿಯುವ ಬುಡ. ಮೆರ್ಲ್ ಹುಟ್ಟಿ ಬೆಳೆದ ಮನೆಗಳಲ್ಲಿ ಯಾರೂ ಅದನ್ನು ಹಚ್ಚಿದವರಲ್ಲ. ಹದಿನೇಳು ದೇಶದ ಕಸ ಬಲ್ಲ ಹೆಂಗಸಿಗೆ ಇದೊಂದು ಗೊತ್ತಿರಲಿಲ್ಲ.

ಹೇಳಿದೆ. ಇದು ಸೇದುವುದಲ್ಲ, ಪೂಜೆಗೆ ಹಚ್ಚುವುದು ಎಂದೆ. ಅವರಲ್ಲಿ ಬುದ್ಧನಿಗಾದರೆ ಮೂರು ಹಚ್ಚುತ್ತಾರೆ, ತೀರಿಕೊಂಡವರಿಗಾದರೆ ಒಂದು ಎಂದು ನನ್ನ ಥಾಯ್ ಗೆಳತಿ ಹೇಳಿದ್ದೂ ನೆನಪಾಯಿತು. ದಿನಕ್ಕೆ ಎಷ್ಟು ಕಡ್ಡಿ ಸಿಗುತ್ತಿತ್ತು ಎಂದು ಕೇಳಿದೆ. ವಾರಕ್ಕೆ ಏಳು ಎಂದಳು ಮೆರ್ಲ್.

ಆಕೆ ಕಡ್ಡಿಗಳನ್ನು ಒಂದೊಂದಾಗಿ ಬಾಟಲಿಗೆ ವಾಪಸು ಹಾಕಿದಳು. ಲಾರಿ ಬಂದು ದೊಡ್ಡ ಡಬ್ಬ ಎತ್ತಿ ಬಡಿದು ಹೋಯಿತು. ಯಾರು ಸತ್ತಿದ್ದಾರೆ, ಯಾಕೆ ಹೇಳಲಿಲ್ಲ ಎಂದು ತನ್ನಷ್ಟಕ್ಕೆ ಗೊಣಗಿದಳು. ಹೋಗಿ ಕೇಳು ಎಂದೆ ನಾನು. ‘ಕೇಳಿದ್ರೆ ಏನೂ ಇಲ್ಲ, ಚೆನ್ನಾಗಿದ್ದೀನಿ ಅಂತಾಳೆ’ ಎಂದಳು. ಗವಸು ಬಿಚ್ಚಲು ಆಕೆ ಎರಡು ಮೂರು ಸಲ ಎಳೆಯಬೇಕಾಯಿತು.

ಮುಂದಿನದನ್ನು ಕ್ಲೆಮ್ ಹೇಳಿದ, ಪೈಲಿನ್ ಆಮೇಲೆ ಹೌದೆಂದಳು. ಅವತ್ತು ಮಧ್ಯಾಹ್ನ ಮೆರ್ಲ್ ಮುಖ್ಯರಸ್ತೆಯ ಗುಜರಾತಿ ಅಂಗಡಿಗೆ ಹೋಗಿ ಜಾಮ್ ಬಾಟಲಿಯ ಕಡ್ಡಿ ತೋರಿಸಿ, ಇಂಥದ್ದು ಕೊಡು ಎಂದು ಒಂದು ಪೊಟ್ಟಣ ತಂದಳು. ಪೊಟ್ಟಣದ ಮೇಲೆ ಮೈಸೂರು ಎಂದಿತ್ತು, ಶ್ರೀಗಂಧದ್ದು. ಹಿತ್ತಲಿನ ನಿಂಬೆಗಿಡದ ಬಳಿ ಟೊಮೆಟೊ ಡಬ್ಬಿಗೆ ಮರಳು ತುಂಬಿ ಇಟ್ಟಳು. ಬುಧವಾರ ಬೆಳಿಗ್ಗೆ ಪೈಲಿನ್ ಊಟದ ಡಬ್ಬಿ ತೆಗೆದುಕೊಳ್ಳಲು ಬಂದಾಗ ಮೇಜಿನ ಮೇಲೆ ಪೊಟ್ಟಣವಿತ್ತು.

“ಕೋಣೇಲಿ ಹಚ್ಚಬೇಡ, ಹೊಗೆ ಅಲಾರ್ಮ್ ಹೊಡ್ಕೊಳ್ಳುತ್ತೆ. ಹಿತ್ತಲಲ್ಲಿ ಜಾಗ ಮಾಡಿದ್ದೀನಿ,” ಎಂದಳು ಮೆರ್ಲ್. ಆಮೇಲೆ, ಇಪ್ಪತ್ತು ವರ್ಷದಿಂದ ಬಿಟ್ಟ ಕೆಲಸವನ್ನು ಮತ್ತೆ ಮಾಡಿದಳು. “ಯಾರಿಗೆ ಪುಟ್ಟಾ?”

ಹುಡುಗಿ ಮೊದಲು ಪೊಟ್ಟಣವನ್ನೇ ಅನುಮಾನದಿಂದ ನೋಡಿದಳಂತೆ, ಇದು ಗುರುವಾರದ ವಿಚಾರಣೆಗೆ ಹೂಡಿದ ಆಟವಿರಬೇಕೆಂದು. ಚೆನ್ನಾಗಿದ್ದೀನಿ ಎಂದಳು. ಬಾಗಿಲವರೆಗೂ ಹೋದಳು. ಮೆರ್ಲ್ ಹಿಂದೆ ಹೋಗಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದೂ ಹೇಳಲಿಲ್ಲ. ಏಳು ಹನ್ನೆರಡರ ಬಸ್ಸು ಅವತ್ತು ತಪ್ಪಿತು.

ಸತ್ತಿದ್ದು ಯಾಯ್, ತಾಯಿಯ ತಾಯಿ. ಪೈಲಿನ್‌ಳನ್ನು ಎತ್ತಿ ಆಡಿಸಿ ಹತ್ತು ವರ್ಷದವರೆಗೆ ಸಾಕಿದವಳು. ಹೋಗಿ ತಿಂಗಳಾಗುತ್ತಾ ಬಂದಿತ್ತು. ಮಗಳ ಪರೀಕ್ಷೆ ಕೆಡಬಾರದೆಂದು ಅಪ್ಪ ಅಮ್ಮ ಸುದ್ದಿ ಮುಚ್ಚಿಟ್ಟಿದ್ದರು. ಸೋದರಸಂಬಂಧಿಯೊಬ್ಬಳು ಗೊತ್ತಿಲ್ಲದೆ ಹಾಕಿದ ಹೂಹಾರದ ಫೋಟೋ ನೋಡಿ ಇವಳಿಗೆ ತಿಳಿದದ್ದು. ಪ್ರತಿ ಭಾನುವಾರ ವಿಡಿಯೊ ಕರೆಯಲ್ಲಿ ಇವಳು ಯಾಯ್ ಎಲ್ಲಿ ಎಂದು ಕೇಳುತ್ತಾಳೆ, ಮಲಗಿದ್ದಾಳೆ ಎನ್ನುತ್ತಾಳೆ ತಾಯಿ. ಸರಿ, ಎಬ್ಬಿಸಬೇಡಿ ಎನ್ನುತ್ತಾಳೆ ಇವಳು. ತನಗೆ ಗೊತ್ತಿದೆ ಎಂದು ಗೊತ್ತಾದರೆ ಅಮ್ಮ ಒಡೆದುಹೋಗುತ್ತಾಳೆಂಬ ಭಯ. ಆಫೀಸಿನವರಿಗೆ ಹೇಳಿದರೆ ಅವರು ಅವತ್ತೇ ಮನೆಗೆ ಫೋನ್ ಮಾಡುತ್ತಾರೆ, ಅದು ಅವರ ನಿಯಮ. ಅದಕ್ಕೇ ಬ್ಯಾಗು ಸುರಿಸಿದಾಗಲೂ ಬಾಯಿ ಬಿಟ್ಟಿರಲಿಲ್ಲ.

ಇಂಥ ಸುಳ್ಳುಗಳ ಮನೆಯಲ್ಲಿ ಬೆಳೆದವರು ನಾವು, ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆರ್ಲ್‌ಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಸತ್ತವರ ಸುದ್ದಿ ಮುಚ್ಚಿಡುವುದು ಆಕೆಯ ಪ್ರಕಾರ ಪಾಪ. ಆದರೂ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಳು.

ಗುರುವಾರ ನಾಲ್ಕು ಗಂಟೆಗೆ ಜಾಕ್ವಿ ಬಂದಳು. ಹೋಮ್‌ಸ್ಟೇ ಆಫೀಸಿನವಳು, ಮೆತ್ತಗಿನ ದನಿ, ಕೈಯಲ್ಲಿ ಫೈಲು. ಪೈಲಿನ್ ದೂರು ವಾಪಸು ಪಡೆಯುತ್ತೇನೆಂದು ಬೆಳಿಗ್ಗೆಯೇ ಹೇಳಿದ್ದಳು, ಆದರೆ ಚಿಕ್ಕವರ ದೂರು ಒಮ್ಮೆ ಬಂದರೆ ವಿಚಾರಣೆ ಆಗಲೇಬೇಕು. ಯಾರೋ ಹೆದರಿಸಿ ವಾಪಸು ತೆಗೆಸುತ್ತಿರಬಹುದು ಎಂಬ ಅನುಮಾನ ಅವರಿಗೆ. ತಪ್ಪೇನಲ್ಲ, ನನಗೂ ಅದೇ ಬರುತ್ತಿತ್ತು. ಮೂವರೂ ಹಾಲ್‌ನಲ್ಲಿ ಕೂತರು. ನಾನೂ ಕ್ಲೆಮ್ಮೂ ಅಡಿಗೆಮನೆಯಲ್ಲಿ, ಬಾಗಿಲನ್ನು ಒಂದು ಗೇಣು ಬಿಟ್ಟುಕೊಂಡು. ಕ್ಲೆಮ್ ಆಲೂಗಡ್ಡೆ ಸುಲಿಯುವವನಂತೆ ನಟಿಸುತ್ತಿದ್ದ.

“ಎಷ್ಟು ಸಲ ಹೇಳಿದ್ದೀನಿ, ಬಾಯಿಬಿಟ್ಟು ಕೇಳೇ ಅಂತ,” ಎಂದು ಪಿಸುಗುಟ್ಟಿದ. “ನನ್ನನ್ನೇ ಏನೂ ಕೇಳಲ್ಲ ಇವಳು. ಶರ್ಟ್ ಜೇಬು ನೋಡ್ತಾಳೆ.”

ಒಳಗೆ ಜಾಕ್ವಿ ಒಂದೊಂದೇ ಕೇಳುತ್ತಿದ್ದಳು. ಕಸ ನೋಡಿದ್ದು ನಿಜವೇ? ನಿಜ. ಎಷ್ಟು ದಿನದಿಂದ? ಇಪ್ಪತ್ತು ವರ್ಷ ದಾಟಿತು. ಮಕ್ಕಳಿಗೆ ತಿಳಿಸಿದ್ದೆಯಾ? ಇಲ್ಲ. ಜಾಕ್ವಿಯ ಪೆನ್ನು ಓಡುವ ಸದ್ದು ನಮಗೂ ಕೇಳುತ್ತಿತ್ತು. ಆಮೇಲೆ ಬೂದಿಯ ಪ್ರಶ್ನೆ ಬಂತು. ಸಿಗರೇಟಿನದ್ದಲ್ಲದಿದ್ದರೆ ಏನದು?

ಇಲ್ಲಿ ಮೆರ್ಲ್‌ಗೆ ದಾರಿ ಇತ್ತು. ಕೋಣೆಯಲ್ಲಿ ಬೆಂಕಿ ಹಚ್ಚಬಾರದೆಂದು ಪೈಲಿನ್ ಸಹಿ ಹಾಕಿದ ಕಾಗದ ಆ ಫೈಲಿನಲ್ಲೇ ಇದೆ. ಹುಡುಗಿ ಪರದೆಯ ಪಕ್ಕದಲ್ಲಿ ಕಡ್ಡಿ ಹಚ್ಚುತ್ತಿದ್ದಳು, ಬುಟ್ಟಿ ನೋಡಿದ್ದರಿಂದಲೇ ತಿಳಿಯಿತು, ಮನೆ ಉಳಿಯಿತು ಎಂದರೆ ಸಾಕಿತ್ತು. ಆಕೆ ಮಾಡಿದ್ದೇ ಸರಿ ಎಂದಾಗುತ್ತಿತ್ತು. ನಾನು ಅದನ್ನೇ ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ, ಮನುಷ್ಯರು ಕೊನೆಗೆ ತಮ್ಮ ಚರ್ಮವನ್ನೇ ಉಳಿಸಿಕೊಳ್ಳುತ್ತಾರೆಂದು ನನಗೆ ಖಾತ್ರಿಯಿತ್ತು.

ಪೈಲಿನ್‌ಳ ದನಿ ಕೇಳಿಸಿತು. ಅದು ನಾನು, ಎಂದು ಅವಳು ಶುರು ಮಾಡಿದಳು.

“ನೀನು ಸುಮ್ನಿರು,” ಎಂದಳು ಮೆರ್ಲ್. “ಜಾಕ್ವಿ, ಬರ್ಕೋ. ಅದೇನು ಅಂತ ನನಗೆ ಗೊತ್ತಿಲ್ಲ. ಹುಡುಗಿ ಏನೂ ಸೇದಿಲ್ಲ. ಗೊತ್ತಿಲ್ಲದೇ ಇರೋದನ್ನ ಗೊತ್ತು ಅಂದ್ಕೊಂಡು ಅವಳ ಮೇಲೆ ಇಲ್ಲದ ಅಪವಾದ ಹೊರಿಸಿದೆ. ತಪ್ಪು ನಂದು, ಅವಳದ್ದು ಏನೂ ಇಲ್ಲ.”

ಕ್ಲೆಮ್ ಆಲೂಗಡ್ಡೆ ಕೆಳಗಿಟ್ಟ. ಅವನ ಹೆಂಡತಿ ಸುಳ್ಳು ಹೇಳಿದ್ದನ್ನು ಅವನು ಅದೇ ಮೊದಲ ಸಲ ಕೇಳಿದ್ದಂತೆ.

ಜಾಕ್ವಿ ಆಮೇಲೆ ಹುಡುಗಿಯೊಬ್ಬಳನ್ನೇ ಹಿತ್ತಲಿಗೆ ಕರೆದೊಯ್ದು ಅರ್ಧ ಗಂಟೆ ಮಾತಾಡಿದಳು. ಕಿಟಕಿಯಿಂದ ನೋಡಿದರೆ ಇಬ್ಬರೂ ನಿಂಬೆಗಿಡದ ಹತ್ತಿರವೇ ನಿಂತಿದ್ದರು. ಟೊಮೆಟೊ ಡಬ್ಬಿಯಲ್ಲಿ ಅವತ್ತಿನ ಕಡ್ಡಿ ನಿಂತಿತ್ತು. ಜಾಕ್ವಿ ಅದನ್ನು ನೋಡಿದಳೋ, ನೋಡಿಯೂ ನೋಡದಂತಿದ್ದಳೋ ನನಗೆ ತಿಳಿಯದು. ಆಕೆಯ ಮೇಲೂ ನನಗೆ ಅನುಮಾನವಿದೆ, ಒಳ್ಳೆಯ ಅನುಮಾನ.

ಶುಕ್ರವಾರ ಕಾಗದ ಬಂತು. ಹುಡುಗಿ ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರಲು ಬಯಸಿದ್ದಾಳೆ, ಇರಬಹುದು. ತನ್ನ ಕೋಣೆಯ ಕಸವನ್ನು ಅವಳೇ ಹೊರಗೆ ಹಾಕತಕ್ಕದ್ದು. ಅವಳು ಹೊರಟ ಮೇಲೆ ಪೆಂಗೆಲಿ ಮನೆಗೆ ಬೇರೆ ವಿದ್ಯಾರ್ಥಿಗಳನ್ನು ಕಳಿಸಲಾಗುವುದಿಲ್ಲ. ಇಪ್ಪತ್ತಮೂರು ವರ್ಷಕ್ಕೆ ಮೂರು ಸಾಲು. ಮೆರ್ಲ್ ಅದನ್ನು ಓದಿ ಮಡಚಿ ಬ್ರೆಡ್ ಡಬ್ಬದ ಕೆಳಗಿಟ್ಟಳು, ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲವೆಂದು ಕ್ಲೆಮ್ ಹೇಳಿದ. ಆಕೆಯನ್ನು ಕೇಳಿದರೆ ಮಾಡಿದೆ, ಚೆನ್ನಾಗಿತ್ತು ಎನ್ನುತ್ತಾಳೆ.

ಡಿಸೆಂಬರ್ ಮೊದಲ ವಾರ ಮತ್ತೆ ಹೋದೆ. ಪರೀಕ್ಷೆ ಮುಗಿದಿದೆ, ಶನಿವಾರ ವಿಮಾನ. ಪೈಲಿನ್‌ಳ ಬೆಲ್ಟು ಮೊದಲಿನ ತೂತಿಗೆ ಬಂದಿದೆ. ಆರು ವಾರ ದಿನವೂ ಮೆರ್ಲ್ ಅವಳನ್ನು ಊಟ ಹೇಗಿತ್ತು ಎಂದು ಬಾಯಿಬಿಟ್ಟು ಕೇಳಿದಳು. ಮೊದಲ ವಾರ ಚೆನ್ನಾಗಿತ್ತು ಎಂದೇ ಉತ್ತರ. ಎರಡನೇ ವಾರ ಒಂದು ದಿನ, ಕುಂಬಳದ ಸೂಪು ಚೆನ್ನಾಗಿಲ್ಲ ಮೆರ್ಲ್, ಯಾವತ್ತೂ ಚೆನ್ನಾಗಿರಲಿಲ್ಲ ಎಂದಳಂತೆ. ಆ ವಿಷಯವನ್ನು ಮೆರ್ಲ್ ಮಗಳಿಗೆ, ಜೆಫ್ರಿಗೆ, ಅಂಚೆಯವನಿಗೆ ಎಲ್ಲರಿಗೂ ಹೇಳಿದ್ದಾಳೆ.

ಕೊನೆಯ ಪರೀಕ್ಷೆಯ ಸಂಜೆ ತಾಯಿ ಫೋನ್ ಮಾಡಿ ಯಾಯ್ ಇಲ್ಲ ಎಂದು ಹೇಳಿದಳು. ಗೊತ್ತಿಲ್ಲದವಳಂತೆ ನಟಿಸಬೇಕಲ್ಲ ಎಂದು ಪೈಲಿನ್ ವಾರದಿಂದ ಹೆದರಿದ್ದಳು. ಆದರೆ ತಾಯಿಯ ಬಾಯಿಂದ ಆ ಮಾತು ಬಿದ್ದಾಗ ನಟನೆ ಬೇಕಾಗಲಿಲ್ಲ, ಮೂರು ತಿಂಗಳಿಂದ ತಡೆದದ್ದೆಲ್ಲ ಬಂತು. ಮೆರ್ಲ್ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಿದ್ದಳು. ಫೋನಿನ ಆಚೆಯವರು ಏನೆಂದರೋ ಆಕೆಗೆ ಒಂದು ಅಕ್ಷರ ತಿಳಿಯದು. ಆಮೇಲೆ ಇಬ್ಬರೂ ಹಿತ್ತಲಲ್ಲಿ ಬಹಳ ಹೊತ್ತು ಕೂತಿದ್ದರಂತೆ. ಅಜ್ಜಿ ಹೇಗಿದ್ದಳು, ಏನು ಅಡಿಗೆ ಮಾಡುತ್ತಿದ್ದಳು, ಮೊಮ್ಮಗಳನ್ನು ಏನೆಂದು ಕರೆಯುತ್ತಿದ್ದಳು, ಎಲ್ಲವನ್ನೂ ಹುಡುಗಿ ಹೇಳಿದಳಂತೆ.

ಕೊನೆಯ ಕೋಣೆ ಜನವರಿಯಿಂದ ಖಾಲಿ. ಕ್ಲೆಮ್ ಅಲ್ಲಿ ಆಟಿಕೆ ರೈಲು ಹಾಕುವ ಯೋಜನೆಯಲ್ಲಿದ್ದಾನೆ. ಆಫೀಸಿಗೆ ಇನ್ನೊಮ್ಮೆ ಬರೆದು ಕೇಳಬಾರದೇ ಎಂದೆ. ಬೇಡ, ಅವರು ಹೇಳಿದ್ದರಲ್ಲಿ ತಪ್ಪಿಲ್ಲ ಎಂದಳು ಮೆರ್ಲ್. ಬೇಸರವಿಲ್ಲವೇ ಎಂದು ಕೇಳಿದೆ. ಇದೆ ಎಂದಳು, ಸುತ್ತಿ ಬಳಸಿ ಏನೂ ಹೇಳಲಿಲ್ಲ.

ಹೊರಡುವ ಮುನ್ನ ಬರಹಕ್ಕೆ ಇರಲಿ ಎಂದು ಪುಸ್ತಕ ತೆಗೆದು, ಆ ಅಜ್ಜಿ ಹುಡುಗಿಯನ್ನು ಏನೆಂದು ಕರೆಯುತ್ತಿದ್ದಳಂತೆ ಎಂದು ಕೇಳಿದೆ. ಮೆರ್ಲ್ ನನ್ನ ಪೆನ್ನನ್ನು ನೋಡಿದಳು, ಆಮೇಲೆ ನನ್ನನ್ನು.

“ಹೇಳಲ್ಲ,” ಎಂದಳು. “ಅದು ನಾನು ಹುಡುಕಿ ತೆಗೆದಿದ್ದಲ್ಲ ಕಣೇ. ಅವಳಾಗೇ ನನಗೆ ಹೇಳಿದ್ದು.”